ಏಳನೆಯ ನಾಯಿ

ಸೆಪ್ಟೆಂಬರ್ 18, 2025, ಗುರುವಾರ

ನಿನ್ನೆಯ ಬರಹದಲ್ಲಿ ಒಂದು ತಪ್ಪಿದೆ; ಮೊದಲು ಅದನ್ನು ತಿದ್ದುತ್ತೇನೆ. ಮಸ್ಕಿಯ ಗೋದಾಮಿನಲ್ಲಿ ಏಳು ನಾಯಿಗಳಿವೆ ಎಂದು ಬರೆದಿದ್ದೆ. ಇರುವುದು ಆರು. ರೇಣುಕಾದೇವಿಗೆ ಫೋನು ಮಾಡಿ ಖಚಿತಪಡಿಸಿಕೊಂಡೆ. ಬಾಗಿಲ ಬಲಮೂಲೆಯಲ್ಲಿ ಬಿದ್ದಿದ್ದ ಗೋಣಿತಟ್ಟಿನ ಗುಪ್ಪೆಯನ್ನು ನಾನು ನಾಯಿ ಎಂದು ಎಣಿಸಿರಬೇಕು. ಒಳಗೆ ಬೆಳಕು ಸಾಲದಾಗಿತ್ತು ಎಂಬುದು ಕಾರಣವೇ ಹೊರತು ಸಮರ್ಥನೆಯಲ್ಲ.

ರೇಣುಕಾದೇವಿ ಲಿಂಗಸುಗೂರಿನಲ್ಲಿ ಪಶುವೈದ್ಯೆ. ಪ್ರೌಢಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. ಹಳ್ಳಿಗಳ ಓಟದ ಪಂದ್ಯಗಳಲ್ಲಿ ಓಡಿ, ವಯಸ್ಸಾಗಿಯೋ ಕಾಲು ಮುರಿದುಕೊಂಡೋ ನಿಂತುಹೋದ ನಾಯಿಗಳನ್ನು ಮಾಲೀಕರಿಂದ ಕೇಳಿ ಪಡೆದು, ಸಾಕುವ ಮನೆಗಳಿಗೆ ಸೇರಿಸುವುದು ಅವಳು ತಾನಾಗಿ ಹಚ್ಚಿಕೊಂಡ ಕೆಲಸ. ಮಸ್ಕಿಯ ಹತ್ತಿ ವ್ಯಾಪಾರಿ ಹಸನ್‌ಸಾಬ್ ತಮ್ಮ ಖಾಲಿ ಗೋದಾಮನ್ನು ಹೊಸ ಹತ್ತಿ ಬರುವವರೆಗೆ ಬಿಟ್ಟುಕೊಟ್ಟಿದ್ದಾರೆ. ಮುಕ್ತಿಯಾರ್ ಎಂಬ ಗೂಡ್ಸ್ ಆಟೋದವನು ನಾಯಿಗಳ ಊಟ ಮತ್ತು ಸಾಗಾಟ ನೋಡಿಕೊಳ್ಳುತ್ತಾನೆ. ನನ್ನ ಪಾಲಿಗೆ ಬಂದಿರುವುದು ಎರಡು: ಪ್ರತಿ ನಾಯಿಯ ಪರಿಚಯ ಬರೆಯುವುದು, ಬೇಕೆಂದವರ ಮನೆಯನ್ನು ನೋಡಿಬರುವುದು.

ಈ ಸಂಬಂಧ ಮೊಬೈಲುಗಳಲ್ಲಿ ಹರಿದಾಡುತ್ತಿರುವ ಸಂದೇಶದಲ್ಲಿ ಇವನ್ನು ಗ್ರೇಹೌಂಡ್ ಎಂದು ಕರೆಯಲಾಗಿದೆ. ಅಲ್ಲ. ಇವು ಮುಧೋಳ ತಳಿಯವು. ತಿದ್ದಿ ಕಳುಹಿಸಿದ್ದೇನೆ.

ನಾಯಿಗಳ ಮೇಲೆ ನನಗೆ ವಿಶೇಷ ಒಲವಿಲ್ಲ. ಬರವಣಿಗೆ ಶುದ್ಧವಾಗಿರಬೇಕು ಎಂದು ಅವಳು ಕೇಳಿಕೊಂಡದ್ದಕ್ಕೆ ಒಪ್ಪಿದೆ.

ಲಿಂಗಸುಗೂರು, ಸೆಪ್ಟೆಂಬರ್ 18, ರಾತ್ರಿ 8.10.

ಸೆಪ್ಟೆಂಬರ್ 20, ಶನಿವಾರ

ಗುರುವಾರದ ತಿದ್ದುಪಡಿಯನ್ನು ತಿದ್ದಬೇಕಾಗಿದೆ. ನಾಯಿಗಳು ಏಳೇ.

ಗೋಣಿತಟ್ಟನ್ನು ಮಡಚಿಡೋಣವೆಂದು ನಾನು ಎತ್ತಿದೆ. ಕೆಳಗೆ ನಾಯಿ ಇತ್ತು. ಬೂದಿ ಬಣ್ಣ, ಉದ್ದ ಮೂತಿ, ಎಣಿಸಬಹುದಾದ ಪಕ್ಕೆಲುಬು. ಅದು ಎದ್ದೇಳಲಿಲ್ಲ, ಗುರುಗುಟ್ಟಲಿಲ್ಲ. ತನ್ನ ಹೊದಿಕೆ ತೆಗೆದದ್ದೇಕೆ ಎಂಬಂತೆ ನೋಡಿತು. ನಾನು ಮತ್ತೆ ಹೊದಿಸಿದೆ.

“ನಾ ಬುಧವಾರದಿಂದ ಊಟಾ ಹಾಕಾಕತ್ತೀನ್ರಿ ಸರ್,” ಎಂದ ಮುಕ್ತಿಯಾರ್. “ಡಾಕ್ಟರಮ್ಮ ತಂದು ಬಿಟ್ಟಾರ ಅನ್ಕೊಂಡಿದ್ದೆ.”

ರೇಣುಕಾದೇವಿ ತಟ್ಟಿನ ಅಂಚು ಎತ್ತಿ ನೋಡಿದವಳು ಅಲ್ಲೇ ಕುಳಿತುಬಿಟ್ಟಳು. “ಅಯ್ಯ, ಇದು ಗದ್ದೆಪ್ಪನ ತೂಫಾನ್! ಮೂರು ವರ್ಷ ಇದನ್ನ ಯಾವ ನಾಯೀನೂ ಹಿಂದ ಹಾಕಿಲ್ರಿ ಸರ್. ಯಾರಿಗೂ ಹೇಳದ ಬಿಟ್ಟು ಹೋಗ್ಯಾನಲ್ಲ ಅವ.”

ಮುಂಗಾಲಿನ ಮೂಳೆ ಮುರಿದು ವಾರೆಯಾಗಿ ಕೂಡಿದೆ. ಇನ್ನೊಮ್ಮೆ ಜೋರಾಗಿ ಓಡಿದರೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದಳು.

ಮಲಗಿದಲ್ಲಿಂದ ಏಳದ ಪ್ರಾಣಿಗೆ ಬಿರುಗಾಳಿಯ ಹೆಸರು ಅನುಚಿತವೆನಿಸಿತು. ಬರವಣಿಗೆಯ ಅನುಕೂಲಕ್ಕಾಗಿ ಅದನ್ನು ಏಳನೆಯದು ಎಂದು ಕರೆಯುತ್ತೇನೆ.

ಲಿಂಗಸುಗೂರು, ಸೆಪ್ಟೆಂಬರ್ 20, ರಾತ್ರಿ 8.25.

ಸೆಪ್ಟೆಂಬರ್ 28, ಭಾನುವಾರ

ಸಿಂಧನೂರಿನಲ್ಲಿ ಮೂರು ಮನೆಗಳನ್ನು ನೋಡಿದೆ. ಮೂರನ್ನೂ ತಿರಸ್ಕರಿಸಿದೆ. ಮೊದಲನೆಯ ಮನೆಯ ಯಜಮಾನರು ನಾಯಿಯನ್ನು ಎಲ್ಲಿ ಮಲಗಿಸುವಿರಿ ಎಂಬ ಪ್ರಶ್ನೆಗೆ “ನೋಡೋಣು” ಎಂದರು. ಎರಡನೆಯವರ ಗೇಟಿಗೆ ಚಿಲಕವಿಲ್ಲ. ಮೂರನೆಯವರು ನನ್ನನ್ನು ಹೊರಗೆ ನಿಲ್ಲಿಸಿಯೇ ಮಾತನಾಡಿದರು. ಅತಿಥಿಗೆ ಕುರ್ಚಿ ಕೊಡದವರು ನಾಯಿಗೆ ನೆರಳು ಕೊಡುವರೆಂಬ ಭರವಸೆ ನನಗಿಲ್ಲ.

ಸಂಜೆ ರೇಣುಕಾದೇವಿ ಫೋನು ಮಾಡಿದಳು. “ಸರ್, ನೀವು ಮನಿ ನೋಡಾಕ ಹೋಗೀರೋ, ಪರೀಕ್ಷಾ ತಗೊಳ್ಳಾಕ ಹೋಗೀರೋ? ಆ ಮನಿಯವ್ರು ನಂಗ ಫೋನ್ ಮಾಡಿ, ಮೇಡಮ್ಮರ ನಾವು ಪಾಸೋ ಫೇಲೋ ಅಂತ ಕೇಳಾಕತ್ತಾರ.”

“ಫೇಲು,” ಎಂದೆ.

“ಮತ್ತ ಆ ಪರಿಚಯ? ಬಣ್ಣ ಬೂದಿ, ಸ್ವಭಾವ ನಿರಾಸಕ್ತ ಅಂತ ಬರದ್ರ ಯಾರು ಒಯ್ತಾರ್ರಿ ಸರ್? ಪ್ರೀತಿ ಮಾಡ್ತದ ಅಂತನಾದ್ರೂ ಬರೀರಿ.”

ಅದು ನನ್ನ ಅನುಭವಕ್ಕೆ ಬಂದಿಲ್ಲ. ಬಂದಿಲ್ಲದ್ದನ್ನು ಬರೆಯಲಾರೆ ಎಂದು ತಿಳಿಸಿದೆ.

ಲಿಂಗಸುಗೂರು, ಸೆಪ್ಟೆಂಬರ್ 28, ರಾತ್ರಿ 9.05.

ಅಕ್ಟೋಬರ್ 9, ಗುರುವಾರ

ನಾಲ್ಕು ನಾಯಿಗಳು ಮನೆ ಸೇರಿದವು. ಗೇಟಿಗೆ ಚಿಲಕ ಹಾಕಿಸಿದ ಸಿಂಧನೂರಿನವರೂ ನಾಯಿ ಪಡೆದವರಲ್ಲಿ ಒಬ್ಬರು.

ನನ್ನ ಹೆಂಡತಿ ಅರ್ಜುಮಂದ್ ನನಗಾಗಿ ಮೆಟ್ಟಿಲ ಕೆಳಗೆ ಒಂದು ಗೂಟ ಬಡಿಸಿದ್ದಾಳೆ. ಗೋದಾಮಿನಿಂದ ಬಂದವನು ಅಂಗಿಯನ್ನು ಅಲ್ಲಿಯೇ ಕಳಚಿ, ಕೈಕಾಲು ತೊಳೆದು, ಬೇರೆ ಅಂಗಿ ತೊಟ್ಟು ಮೇಲೆ ಬರಬೇಕು. ನಾಯಿಯ ಜೊಲ್ಲು ತಗುಲಿದ ಬಟ್ಟೆಯಲ್ಲಿ ನಮಾಜು ಆಗದು ಎಂಬ ಅವಳ ಮಾತು ಸರಿಯಾದದ್ದೇ. “ನಲವತ್ತು ವರ್ಷ ಚಾಕ್‌ಪೀಸಿನ ಧೂಳಿ ತಂದ್ರಿ, ಒಗದೆ,” ಎಂದಳು. “ಈಗ ಇದು. ಮುಂದ ಏನು ತರ್ತೀರಿ, ಅದನ್ನೂ ಈಗ ಹೇಳಿಬಿಡ್ರಿ ಜೀ, ಗೂಟ ಇನ್ನೊಂದು ಬಡಸ್ತೀನಿ.”

ಲಿಂಗಸುಗೂರು, ಅಕ್ಟೋಬರ್ 9, ರಾತ್ರಿ 8.00.

ಅಕ್ಟೋಬರ್ 17, ಶುಕ್ರವಾರ

ಹಸನ್‌ಸಾಬರು ಹೇಳಿಕಳುಹಿಸಿದ್ದಾರೆ: ಹತ್ತಿ ಬರತೊಡಗಿದೆ, ನವೆಂಬರ್ ಮೂರರ ಸೋಮವಾರ ಗೋದಾಮು ತೆರವಾಗಬೇಕು. ಇದರಲ್ಲಿ ಅನ್ಯಾಯವಿಲ್ಲ. ಮೊದಲೇ ಆದ ಮಾತು.

ಇನ್ನೆರಡು ನಾಯಿಗಳೂ ಮನೆ ಸೇರಿದವು; ಉಳಿದಿರುವುದು ಏಳನೆಯದೊಂದೇ. ರೇಣುಕಾದೇವಿಯ ಅಂಗಳದಲ್ಲಿ ಈಗಾಗಲೇ ಎರಡಿವೆ; ಮೂರನೆಯದನ್ನು ಅವಳ ಮನೆಯ ಮಾಲೀಕರು ಒಪ್ಪುವುದಿಲ್ಲ. ಮುಕ್ತಿಯಾರನ ಮನೆಯಲ್ಲಿ ಒಂದೇ ಕೋಣೆಗೆ ಆರು ಮಂದಿ. ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಈ ನಾಯಿಗೆ ಮೆಟ್ಟಿಲು ಹತ್ತಲು ಬಾರದು, ಎರಡನೆಯ ಮೆಟ್ಟಿಲಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಆ ಪ್ರಶ್ನೆ ಏಳುವುದಿಲ್ಲ. (ಮೆಟ್ಟಿಲ ವಿಷಯ ನನಗೆ ಗೊತ್ತಾದದ್ದು ಹೇಗೆಂದು ಅರ್ಜುಮಂದ್ ಕೇಳಿದಳು. ಮುಕ್ತಿಯಾರನ ಆಟೋ ಈ ಕಡೆ ಬಂದಿತ್ತು, ಪರೀಕ್ಷಿಸಿ ನೋಡಿದೆ ಎಂದೆ.)

ಗದ್ದೆಪ್ಪ ರೇಣುಕಾದೇವಿಗೆ ಫೋನು ಮಾಡಿದ್ದಾನೆ. ಮನೆ ಸಿಗದಿದ್ದರೆ ನಾಯಿಯನ್ನು ಮೊಲದ ಬೇಟೆಯವನೊಬ್ಬನಿಗೆ ಕೊಡುತ್ತಾನಂತೆ. ಅಂಥ ಬೇಟೆಗೆ ಕಾನೂನಿನ ಒಪ್ಪಿಗೆಯಿಲ್ಲ. ಒಪ್ಪಿಗೆ ಇದ್ದರೂ ಆ ಕಾಲಿನಲ್ಲಿ ಅದು ಒಂದು ರಾತ್ರಿ ಓಡೀತು, ಎರಡನೆಯ ರಾತ್ರಿ ಓಡಲಾರದು.

ಚಳಿ ಶುರುವಾಗಿದೆ. ಈ ತಳಿಯ ಚರ್ಮ ಬಹಳ ತೆಳುವು. ನಡುಗುತ್ತಿರುತ್ತದೆ.

ಲಿಂಗಸುಗೂರು, ಅಕ್ಟೋಬರ್ 17, ರಾತ್ರಿ 9.20.

ಅಕ್ಟೋಬರ್ 26, ಭಾನುವಾರ

ಇಂದು ಏಳನೆಯದನ್ನು ಆಟೋದಲ್ಲಿ ಹತ್ತಿಸಿಕೊಂಡು ಸಿಂಧನೂರು ತಾಲ್ಲೂಕಿನ ವಳಕಮದಿನ್ನಿಗೆ ಹೋಗಿದ್ದೆವು. ದಾವಲ್‌ಸಾಬ್ ಎಂಬ ರೈತರು ತಾವಾಗಿಯೇ ಕೇಳಿದ್ದರು. ಕಾಲುವೆಯ ನೀರಿನ ಭತ್ತದ ಹೊಲ, ಊರ ಅಂಚಿನಲ್ಲಿ ಮನೆ, ಗೇಟಿಗೆ ಚಿಲಕ, ಅಂಗಳದಲ್ಲಿ ದೊಡ್ಡ ಬೇವಿನ ಮರ. ನನಗೆ ಕುರ್ಚಿ ಕೊಟ್ಟರು. ನಾಯಿಗೆ ನಾನು ಕೇಳುವ ಮೊದಲೇ ನೀರಿಟ್ಟರು. ಇಷ್ಟು ದಿನ ನೋಡಿದ ಮನೆಗಳಲ್ಲಿ ನ್ಯೂನತೆ ಕಾಣದ ಮನೆ ಇದೊಂದೇ.

ದಾವಲ್‌ಸಾಬ್ ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಇವ ಓಡಿದ್ದು ನಾ ಕಣ್ಣಾರೆ ನೋಡೀನ್ರಿ ಮಾಸ್ತರ. ಕಾಲು ಮುರೀತಲ್ಲ, ಅವತ್ತು. ಮುರದ ಕಾಲಾಗ ಗೆರಿ ಮುಟ್ಟಿದ. ಮಂದಿ ಸೀಟಿ ಹೊಡದ್ರು. ನನಗ ಊಟಾ ಸೇರಲಿಲ್ಲ,” ಎಂದರು.

ಆದರೆ ಮನೆಯಲ್ಲಿ ಮಾತು ನಡೆಯುವುದು ಅವರ ತಾಯಿ ಖಾಸಿಂಬೀಯವರದು. ಹೊರಸಿನ ಮೇಲೆ ತಸ್ಬಿಯ ಜಪಮಾಲೆ ಹಿಡಿದು ಕುಳಿತಿದ್ದರು.

“ನಾಯಿ ಇಡಲೇಬಾರದು ಅಂತ ನಾ ಹೇಳಂಗಿಲ್ಲ ಮಾಸ್ತರ. ಹೊಲ ಕಾಯಾಕ, ಕುರಿ ಕಾಯಾಕ, ಶಿಕಾರಿಗೆ, ಇಷ್ಟಕ್ಕ ಇಡಬಹುದು. ಸುಮ್ನ ಶೋಕಿಗೆ ಇಟ್ರ ಮನಿ ಬರ್ಕತ್ ಹೋಗ್ತದ. ನಿಮಗ ಗೊತ್ತಿಲ್ಲೇನು?”

“ಗೊತ್ತದರಿ ಅಮ್ಮಾ.”

“ಹಂಗಾದ್ರ ನೀವ ಹೇಳ್ರಿ. ಇವನ ಮಾತು ನಂಬಂಗಿಲ್ಲ ನಾ. ಕುಂಟ ಎತ್ತು ತಂದು, ಅಮ್ಮಾ ಇದು ನಡದ್ರ ನೋಡು ಅಂದವ ಇವ. ನೀವು ಸಾಲಿ ಕಲಿಸಿದವ್ರು, ನಮಾಜಿನ ಮಂದಿ. ಈ ನಾಯಿ ಕೆಲಸ ಮಾಡ್ತದೋ ಇಲ್ಲೋ?”

ದಾವಲ್‌ಸಾಬ್ ನನ್ನ ಕಡೆ ನೋಡಿದರು. ಮುಕ್ತಿಯಾರನೂ ನೋಡಿದ.

“ಇಲ್ಲರಿ,” ಎಂದೆ. “ಓಡಬಾರದು. ಬೊಗಳಂಗಿಲ್ಲ. ಕಾಯೂದು ಇದಕ್ಕ ಯಾರೂ ಕಲಿಸಿಲ್ಲ.”

“ಖರೇ ಹೇಳಿದ್ರಿ. ಅಲ್ಲಾ ನಿಮಗ ಚಲೋ ಮಾಡ್ಲಿ,” ಎಂದರು ಖಾಸಿಂಬೀ. “ಚಹಾ ಕುಡದು ಹೋಗ್ರಿ.”

ಕುಡಿದು ಬಂದೆವು.

ಸಿಂಧನೂರು ದಾಟಿದ ಮೇಲೆ ಮುಕ್ತಿಯಾರ್ ಆಟೋದ ವೇಗ ಇಳಿಸಿದ. ಆಮೇಲೆ, “ಒಂದು ಹೂಂ ಅಂದಿದ್ರ ಏನ್ ಗಂಟಲಾಗ ಸಿಗಬೀಳ್ತಿತ್ತೇನ್ರಿ ಸರ್?” ಎಂದ.

“ಇಲ್ಲದ್ದನ್ನು ಇದೆ ಎನ್ನಲಾರೆ.”

“ಖರೇ ಹೇಳ್ರಿ ಅಂತ ಈ ನಾಯಿ ನಿಮ್ಮನ್ನ ಕೇಳಿತ್ತೇನು?”

ಪ್ರಶ್ನೆ ಕೇಳಿದವರು ಖಾಸಿಂಬೀ, ನಾಯಿಯಲ್ಲ ಎಂದು ವಿವರಿಸಿದೆ. ಅವನು ಹಾರ್ನ್ ಒತ್ತಿದ. ಎದುರಿಗೆ ಯಾರೂ ಇರಲಿಲ್ಲ.

ಲಿಂಗಸುಗೂರು, ಅಕ್ಟೋಬರ್ 26, ರಾತ್ರಿ 9.40.

ಅಕ್ಟೋಬರ್ 27, ಸೋಮವಾರ

ನಿನ್ನೆ ಬರೆದದ್ದನ್ನು ಮತ್ತೆ ಓದಿದೆ. ತಪ್ಪೇನೂ ಇಲ್ಲ.

ಮಧ್ಯಾಹ್ನ ಮತ್ತೊಮ್ಮೆ ಓದಿದೆ.

ಅಕ್ಟೋಬರ್ 27, ಸಂಜೆ.

ನವೆಂಬರ್ 1, ಶನಿವಾರ

ಶಾಲೆಯ ಧ್ವಜಾರೋಹಣ ಮುಗಿಸಿಕೊಂಡು ಮಸ್ಕಿಗೆ ಹೋದೆ. ಗೋದಾಮಿನ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಒಬ್ಬನು ನಿಂತಿದ್ದ. ಹಮಾಲರ ಕೆಂಪು ಅಂಗಿ. ಗದ್ದೆಪ್ಪ ಎಂದು ಮುಕ್ತಿಯಾರ್ ತೋರಿಸಿದ. ನಾನೇ ರಸ್ತೆ ದಾಟಿ ಹೋದೆ.

“ಒಳಗೆ ಬಾರಪ್ಪ, ನೋಡುವೆಯಂತೆ.”

“ಬ್ಯಾಡ್ರಿ ಸರ್,” ಎಂದ, ಬಹಳ ಮೆಲ್ಲಗೆ. “ಮೆಲ್ಲಕ ಮಾತಾಡ್ರಿ. ನನ್ನ ದನಿ ಕೇಳಿದ್ರ ಏಳ್ತಾನ. ಎದ್ರ ಓಡ್ತಾನ. ನಾ ಇದ್ದಲ್ಲಿ ಸುಮ್ನ ಇರೂದು ಅವಂಗ ಗೊತ್ತಿಲ್ರಿ. ಮನ್ಯಾಗ ಇಟ್ಕೊಂಡಿದ್ದೆ ಒಂದು ತಿಂಗಳ. ನಾ ನೀರು ಕುಡಿಯಾಕ ಎದ್ರೂ ಗೆರಿ ಮ್ಯಾಲ ನಿಂತಂಗ ನಿಂತಬಿಡ್ತಿದ್ದ. ಅದಕ ತಂದು ಬಿಟ್ಟೆ.”

“ಬೇಟೆಯವನಿಗೆ ಕೊಟ್ಟರೆ ಓಡಿಸುವುದಿಲ್ಲವೇ?”

“ಓಡಸ್ತಾನ್ರಿ. ನಂಗ ಗೊತ್ತೈತಿ.” ಗೋದಾಮಿನ ಬಾಗಿಲ ಕಡೆ ನೋಡಿದ. “ನಾ ಸೋಮವಾರ ದುಡಿಯಾಕ ಹೊಂಟೀನಿ. ರೋಡಿಗೆ ಬಿಟ್ರ ಲಾರಿ ಕೆಳಗ ಹೋಗ್ತಾನ. ಅವನಾದ್ರ ಅನ್ನ ಹಾಕ್ತಾನ. ಅವತ್ತ ಬರ್ತೀನಂದಾನ. ಮನಿ ಸಿಕ್ರ ನೀವ ಕೊಡ್ರಿ ಸರ್, ನಾ ಅವಂಗ ಇಲ್ಲ ಅಂತೀನಿ.”

ಅವನು ಹೋದ ಮೇಲೆ ಬಾಗಿಲು ತೆರೆದೆ. ಅಷ್ಟು ದೂರದ, ಅಷ್ಟು ಮೆಲ್ಲಗಿನ ಮಾತು ಅದಕ್ಕೆ ಕೇಳಿಸಿರಲಾರದು ಎಂದು ಭಾವಿಸಿದ್ದೆ. ತೂಫಾನ್ ಗೋಣಿತಟ್ಟಿನಿಂದ ಹೊರಬಂದು ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಕತ್ತು ಮುಂದೆ. ಮುರಿದ ಕಾಲನ್ನೂ ನೆಲಕ್ಕೆ ಊರಿತ್ತು. ಮೈಯೆಲ್ಲ ನಡುಗುತ್ತಿತ್ತು, ಅದು ಚಳಿಯ ನಡುಕವಾಗಿರಲಿಲ್ಲ.

ನಾನು ಬಾಗಿಲು ಹಾಕಿ ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ನಾಯಿ ಮತ್ತೆ ಮಲಗಲು ಬಹಳ ಹೊತ್ತು ಬೇಕಾಯಿತು.

ಮನೆಗೆ ಬಂದಾಗ ಅಂಗಿ ಕಳಚುವುದನ್ನು ಮರೆತು ಮೇಲೆ ಹತ್ತಿದೆ. ಅರ್ಜುಮಂದ್ ಬಯ್ಯಲಿಲ್ಲ.

ನವೆಂಬರ್ 2, ಭಾನುವಾರ

ವಳಕಮದಿನ್ನಿಗೆ ಹೋದೆವು. ಹೇಳಿ ಹೋಗಿರಲಿಲ್ಲ. ಯಾಕೆ ಹೊರಟಿದ್ದೇವೆಂದು ಮುಕ್ತಿಯಾರನಿಗೂ ಹೇಳಿರಲಿಲ್ಲ. ಹೇಳಲು ನನ್ನಲ್ಲೇ ಏನೂ ಇರಲಿಲ್ಲ. ತೂಫಾನ್ ದಾರಿಯುದ್ದಕ್ಕೂ ನನ್ನ ಬೂಟಿನ ಮೇಲೆ ಗದ್ದ ಇಟ್ಟು ಮಲಗಿತ್ತು.

ಮುಂದಿನ ಹೊಲ ಕೊಯ್ಲಾಗಿತ್ತು. ಅಂಗಳದ ತುಂಬ ತಾಡಪತ್ರಿ ಹಾಸಿ ಭತ್ತ ಒಣಹಾಕಿದ್ದರು. ಖಾಸಿಂಬೀ ಬೇವಿನ ಕೆಳಗೆ ಹೊರಸಿನ ಮೇಲೆ ಕುಳಿತು, ಉದ್ದನೆಯ ಬಿದಿರಿನ ಕೋಲು ಆಡಿಸುತ್ತ, ಕೋಳಿಗಳನ್ನೂ ಪಕ್ಕದ ಮನೆಯ ಮೇಕೆಗಳನ್ನೂ ಬಯ್ಯುತ್ತಿದ್ದರು. ದನಿ ಒಡೆದುಹೋಗಿತ್ತು.

“ಮತ್ತ ಬಂದ್ರೇನು ಮಾಸ್ತರ? ಚಹಾ ಚಲೋ ಇತ್ತೇನು?”

“ಹೋದ ಸಲ ನೀವೊಂದು ಮಾತು ಕೇಳಿದ್ರಿ, ಕೆಲಸ ಮಾಡ್ತದೋ ಇಲ್ಲೋ ಅಂತ,” ಎಂದೆ. “ಮಾಡ್ತದರಿ.”

ಬಿದಿರಿನ ಕೋಲು ನಿಂತಿತು. “ಹೋದ ವಾರ ಇಲ್ಲ ಅಂದಿದ್ರಿ.”

“ಹೋದ ವಾರ ಭತ್ತ ಹೊಲದಾಗಿತ್ರಿ.”

ಅವರು ನನ್ನ ಮುಖವನ್ನೇ ನೋಡಿದರು. ನಾನು ಭತ್ತವನ್ನು ನೋಡಿದೆ. ಅಷ್ಟರಲ್ಲಿ ಮುಕ್ತಿಯಾರ್ ತೂಫಾನನ್ನು ಎತ್ತಿ ಕೆಳಗಿಳಿಸಿದ. ಅದು ನಿಂತು ಮೈ ಝಾಡಿಸಿತು. ನಿಂತರೆ ಎತ್ತರದ ನಾಯಿ. ಮೇಕೆಗಳು ಬೇಲಿಯ ಸಂದಿಯಿಂದ ಹೊರಗೆ ಹೋದವು, ಒಂದು ಹುಂಜ ಹೊರಸಿನ ಮೇಲೆ ಹಾರಿತು. ತೂಫಾನ್ ಯಾವುದನ್ನೂ ಲಕ್ಷಿಸದೆ ತಾಡಪತ್ರಿಯ ಅಂಚಿನವರೆಗೆ ಕುಂಟುತ್ತ ನಡೆದು, ಬಿಸಿಲು ಬಿದ್ದಿದ್ದ ಜಾಗ ನೋಡಿ ಮಲಗಿಬಿಟ್ಟಿತು.

“ಮಲಗ್ಯದಲ್ಲ!” ಎಂದರು ಖಾಸಿಂಬೀ.

“ಕಾಯೂದು ಅಂದ್ರ ಒಂದ ಕಡೆ ಇರೂ ಕೆಲಸಾರಿ ಅಮ್ಮಾ. ನೀವೂ ಕುಂತೇ ಕಾಯಾಕತ್ತೀರಿ.”

“ನಾ ಬೈತೀನಿ. ಅದು ಬೈತದೇನು?”

“ಬೈಯೂದು ನಿಮ್ಮ ಕಡೇನೇ ಇರಲಿ.”

ದಾವಲ್‌ಸಾಬ್ ಮನೆಯ ಒಳಕ್ಕೆ ತಿರುಗಿ ನಿಂತರು. ಅವರ ಹೆಗಲು ಕುಲುಕುತ್ತಿತ್ತು. ಖಾಸಿಂಬೀ ನಗಲಿಲ್ಲ. ತಸ್ಬಿಯ ನಾಲ್ಕಾರು ಮಣಿ ಜರುಗಿಸಿ ನನ್ನನ್ನು ಕೇಳಿದರು: “ಮಾಸ್ತರ, ಈ ಮಾತು ನಿಮ್ಮ ಜವಾಬ್ದಾರಿ ಮ್ಯಾಲ ಹೇಳಾಕತ್ತೀರೇನು?”

“ಹೌದ್ರಿ.”

“ಹೊರಗಿರಬೇಕು. ಬೇವಿನ ಗಿಡದ ಬುಡಕ. ತಾಟು ಬ್ಯಾರೆ. ಹೊಸ್ತಿಲ ದಾಟಬಾರದು. ಕೆಲಸ ಮಾಡಲಿಲ್ಲಂದ್ರ ನೀವ ಬಂದು ಒಯ್ಯಬೇಕು.”

ಒಪ್ಪಿದೆ. ಗೋಣಿತಟ್ಟನ್ನು ಬೇವಿನ ಬುಡಕ್ಕೆ ಹಾಸಿ ಬಂದೆ. ಗೇಟಿನ ಚಿಲಕವನ್ನು ಹೊರಗಿನಿಂದ ಕೈ ಚಾಚಿ ನಾನೇ ಹಾಕಿದೆ.

ಬರುವಾಗ ಮುಕ್ತಿಯಾರ್ ಎರಡು ಸಲ ನನ್ನ ಕಡೆ ತಿರುಗಿ ನೋಡಿದ. “ಮುಂದ ನೋಡಿ ನಡೆಸು,” ಎಂದೆ. ಬೂಟಿನ ಮೇಲೆ ಜೊಲ್ಲಿನ ಕಲೆ ಇತ್ತು. ಒಣಗಿತ್ತು.

ನವೆಂಬರ್ 16, ಭಾನುವಾರ

ದಾವಲ್‌ಸಾಬರಿಂದ ದೂರು ಬಂದಿಲ್ಲ. ಫೋನು ಗಂಟೆ ಬಾರಿಸಿದಾಗಲೆಲ್ಲ ಅವರೇ ಇರಬೇಕೆಂದು ಎತ್ತುತ್ತೇನೆ.

ಗದ್ದೆಪ್ಪ ದುಡಿಯಲು ಹೋದ ಊರಿನಿಂದ ಮಾತನಾಡಿದ. ಎಲ್ಲಿ ಕೊಟ್ಟಿರಿ ಎಂದು ಕೇಳಲಿಲ್ಲ. ಹೇಳಬೇಡಿರಿ, ಗೊತ್ತಾದರೆ ಹೋಗಿಬಿಡುತ್ತೇನೆ ಎಂದ. “ಓಡ್ತಾನೇನ್ರಿ?” ಎಂದಷ್ಟೇ ಕೇಳಿದ. ಇಲ್ಲ ಎಂದೆ. “ಚಲೋ ಆತು ಬಿಡ್ರಿ,” ಎಂದವನು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.

ಅರ್ಜುಮಂದ್ ಒಂದು ಚಿಕ್ಕ ಕೌದಿ ಹೊಲಿಯುತ್ತಿದ್ದಾಳೆ. ಮೇಲ್ಭಾಗಕ್ಕೆ ಗೂಟದ ಮೇಲಿನ ನನ್ನ ಗೋದಾಮಿನ ಅಂಗಿಯನ್ನು ಕತ್ತರಿಸಿದ್ದಾಳೆ. ಇಷ್ಟು ಚಿಕ್ಕದು ಯಾರಿಗೆ ಎಂದು ಕೇಳಿದೆ.

“ಖಾಸಿಂಬೀ ಆಪಾಗ,” ಎಂದಳು ತಲೆ ಎತ್ತದೆ. “ಅವ್ರು ಯಾರಿಗೆ ಹೊದಸ್ತಾರೋ ನಂಗೇನು ಗೊತ್ತು.”

ನವೆಂಬರ್, ಕೊನೆಯ ಭಾನುವಾರ

ಕೌದಿ ಕೊಡಲು ವಳಕಮದಿನ್ನಿಗೆ ಹೋಗಿದ್ದೆ. ಕಾಲುವೆಯ ಕೆಳಗಿನ ಹೊಲದ ಭತ್ತ ಈಗ ಅಂಗಳಕ್ಕೆ ಬಂದಿದೆ. ಗೇಟಿನ ಹೊರಗೆ ನಿಂತು ಸ್ವಲ್ಪ ಹೊತ್ತು ನೋಡಿದೆ. ಆ ದಿನ ನಾನು ಕೊಟ್ಟ ಮಾತಿನ ಸತ್ಯಾಸತ್ಯತೆ ನನ್ನ ಕಣ್ಣ ಮುಂದೆಯೇ ಇತ್ತು.

ತೂಫಾನ್ ತಾಡಪತ್ರಿಯ ಅಂಚಿನಲ್ಲಿ ಅಲ್ಲ, ಭತ್ತದ ಮೇಲೆಯೇ, ನಾಲ್ಕೂ ಕಾಲು ಚಾಚಿ ನಿದ್ರಿಸುತ್ತಿದ್ದ. ಸುತ್ತ ಕೋಳಿಗಳು ಮೇಯುತ್ತಿದ್ದವು. ಒಂದು ಹೇಂಟೆ ಅವನ ಮುಂಗಾಲುಗಳ ನಡುವೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಹೆಕ್ಕುತ್ತಿತ್ತು. ಮೇಕೆಯ ಮರಿಯೊಂದು ಅವನ ಬೆನ್ನಿಗೆ ಬೆನ್ನು ಹಚ್ಚಿ ಮಲಗಿತ್ತು. ಹುಂಜ ಕೂಗಿದಾಗ ಅವನ ಒಂದು ಕಿವಿ ಆಡಿತು, ಕಣ್ಣು ತೆರೆಯಲಿಲ್ಲ.

ಖಾಸಿಂಬೀಯವರ ಹೊರಸು ಬೇವಿನ ನೆರಳಿನಿಂದ ಸರಿದು ಅವನ ತಲೆಯ ಬಳಿಗೆ ಬಂದಿತ್ತು. ಬಿದಿರಿನ ಕೋಲು ನೆಲದ ಮೇಲಿತ್ತು. ಅವರು ತಮ್ಮ ತಾಟಿನ ರೊಟ್ಟಿ ಮುರಿದು ಅವನ ತಾಟಿಗೆ ಹಾಕಿ, ಕೈ ತೊಳೆದು, ಮತ್ತೆ ತಸ್ಬಿ ಹಿಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ಕಂಡರು.

ನಾನು ಕೋಳಿಗಳನ್ನು ನೋಡುತ್ತಿರುವುದನ್ನೂ ಕಂಡರು.

“ಬರ್ರಿ ಮಾಸ್ತರ,” ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಮೆಲ್ಲಕ ಬರ್ರಿ. ಕಾಯಾಕತ್ತಾನ.”

ನಾನು ಚಿಲಕ ಸರಿಸಿ, ಕೋಳಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಅವನಿಗೆ ಕೌದಿ ಹೊದಿಸಿದೆ.

“ಹೌದ್ರಿ ಅಮ್ಮಾ,” ಎಂದೆ. “ಬಾಳ ಚಲೋ ಕಾಯಾಕತ್ತಾನ.”

ಬರೆದದ್ದನ್ನು ಒಮ್ಮೆ ಓದಿದೆ. ತಿದ್ದುವಂಥದ್ದೇನೂ ಕಾಣಲಿಲ್ಲ.